ಎರಡು ಕುಣಿಯ ಮೇಜು

ರಾಯಚೂರಿನ ಕ್ಲಬ್ಬೊಂದರಲ್ಲಿ ನಡೆದ ಜಿಲ್ಲಾ ಪೂಲ್ ಆಯ್ಕೆಯಲ್ಲಿ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆ ಆಟದ ಕೊನೆಯ ಸುತ್ತಿನಲ್ಲಿ, ಶಶಿಕಲಾ ಪ್ರಭುರಾಜನನ್ನು ಸೋಲಿಸಿದಳು. ಆದರೆ ಹುಬ್ಬಳ್ಳಿಯ ಪಂದ್ಯಕ್ಕೆ ಪ್ರಭುರಾಜನೇ ಹೋಗುತ್ತಾನೆಂದು ಕ್ಲಬ್ಬಿನವರು ಘೋಷಿಸಿದರು.

ಕಾರಣ ಕೇಳಿದಾಗ ಕಾರ್ಯದರ್ಶಿ ನಾಗೇಶ ಬಾಯಲ್ಲಿದ್ದ ಕಡ್ಡಿ ತೆಗೆಯದೆಯೇ ಹೇಳಿದ: "ಕಡೀಕ ನೀ ಹೊಡ್ದ ಕಪ್ಪು ಚೆಂಡು ಮೇಜಿನ ದಂಡಿ ಕುಶನ್ನಿಗೆ ಬಡದು, ತಿರುಗಿ ಬಂದು ಬಿದ್ದದ. ಅದು ಕೈಚಳಕ ಅಲ್ಲಮ್ಮಾ, ನಸೀಬು. ಲೆಕ್ಕಕ್ಕ ಹಿಡಿಯೂದಿಲ್ಲ." ಪ್ರಭುರಾಜ ಈ ನಾಗೇಶನ ಅಕ್ಕನ ಮಗ.

ಪಕ್ಕದಲ್ಲಿ ನಿಂತಿದ್ದ ಹಿರಿಯ ಸದಸ್ಯರೊಬ್ಬರು ಮೆತ್ತಗೆ, "ಯಾರ ಪೈಕಿ ಯವ್ವಾ ನೀನು?" ಎಂದರು.

ದೇವದುರ್ಗದಲ್ಲಿ ಬಾಡಿಗೆ ಮನೆ ಹುಡುಕುವಾಗ, ಅಲ್ಲಿಯ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮೊದಲ ದಿನ ಬುತ್ತಿ ಬಿಚ್ಚುವಾಗ, ಗಣಿತದ ಟೀಚರು ಶಶಿಕಲಾ ಈ ಪ್ರಶ್ನೆಯನ್ನು ಕೇಳಿ ಕೇಳಿ ಸಾಕಾದವಳು. ಉತ್ತರ ಹುಡುಕಬೇಕಾಗಲಿಲ್ಲ.

"ಗೆದ್ದವರ ಪೈಕಿರೀ," ಎಂದಳು. ಆಮೇಲೆ ನಾಗೇಶನ ಕಡೆ ತಿರುಗಿದಳು. "ಮುಂದಿನ ಐತಾರ ಮತ್ತ ಆಡ್ತೀನಿ. ಯಾವ ಚೆಂಡು, ಎಲ್ಲಿ ಬಡದು, ಯಾವ ಪಾಕೆಟ್ಟಿಗೆ ಹೋಗ್ತದ ಅಂತ ಮೊದಲ ಬಾಯಿಲೆ ಹೇಳಿ ಆಮ್ಯಾಲ ಹೊಡಿತೀನಿ. ನಸೀಬು ಹೇಳಿ ಬರ್ತದೇನು, ನೋಡೂಣು. ಗೆದ್ರ ಹುಬ್ಬಳ್ಳಿಗೆ ನಾ ಹೋಗಾಕಿ."

ಹತ್ತಾರು ಮಂದಿಯ ಎದುರಿನ ಮಾತು. ನಾಗೇಶನಿಗೆ ಒಪ್ಪದೆ ಗತಿಯಿರಲಿಲ್ಲ.

ಅವಳ ಈ ಧೈರ್ಯ ಅವಳು ಬೆಳೆದ ಮಾನ್ವಿಯದು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಗುಲಾಮ್ ದಸ್ತಗೀರ್‌ನ ಸೈಕಲ್ ಅಂಗಡಿ. ಎಷ್ಟೋ ವರ್ಷಗಳ ಹಿಂದೆ, ಮುಚ್ಚಿಹೋದ ಲಾಡ್ಜೊಂದರ ಪೂಲ್ ಮೇಜನ್ನು ಅವನು ಹೊತ್ತು ತಂದು ಹಿಂದಿನ ಖೋಲಿಯಲ್ಲಿ ಹಾಕಿದ್ದ. ಚೆಂಡು ಬೀಳುವ ಆರು ಪಾಕೆಟ್ಟುಗಳಲ್ಲಿ ನಾಲ್ಕರ ಬಲೆ ಹರಿದುಹೋಗಿತ್ತು. ಚೆಂಡು ನೆಲಕ್ಕೆ ಬೀಳದಿರಲೆಂದು ಲಾಡ್ಜಿನವರು ಅವಕ್ಕೆ ಗೋಣಿತಟ್ಟು ತುರುಕಿದ್ದರು. ಪೂಲನ್ನು ಕಂಡು ಕೇಳರಿಯದ ದಸ್ತಗೀರ್ ಅದೇ ಆಟದ ಕಾಯ್ದೆಯೆಂದು ತಿಳಿದ. ಗೋಲಿಯಾಟದ ಹಾಗೆ ಇಲ್ಲಿಯೂ ಕುಣಿ: ನಿನಗೊಂದು, ನನಗೊಂದು. ಯಾರ ಕುಣಿಗೆ ಮೊದಲು ಎಂಟು ಚೆಂಡು ಬಿದ್ದವೋ ಅವರು ಗೆದ್ದರು. ಅದೂ ಬೇಸರವಾದ ದಿನ ಕುಶನ್ ಆಟ. ಮೇಜಿನ ದಂಡೆಗೆ ಬಡಿದು ಬಂದರಷ್ಟೇ ಚೆಂಡು ಲೆಕ್ಕಕ್ಕೆ, ನೆಟ್ಟಗೆ ಹೋದದ್ದು ವಾಪಸ್ಸು. ಅವನ ಮಗಳು ಮಿನಾಜ್, ಅವಳ ಗೆಳತಿ ಶಶಿಕಲಾ, ಇಬ್ಬರೂ ಪೂಲ್ ಎಂದರೆ ಇದೇ ಎಂದುಕೊಂಡೇ ದೊಡ್ಡವರಾದರು. ಆರು ಕುಣಿಗೂ ಹಾಕಬಹುದೆಂದು ರಾಯಚೂರಿನಲ್ಲಿ ಮೊದಲ ಸಲ ಕಂಡಾಗ ಶಶಿಕಲಾ ನಕ್ಕುಬಿಟ್ಟಿದ್ದಳು. ಬಾಗಿಲು ತೆರೆದಿಟ್ಟ ಮನೆಗೆ ಬೀಗ ಮುರಿಯುವವನನ್ನು ಕರೆದಂತಿತ್ತು.

ಆಮೇಲೆ ಮಿನಾಜ್ ಫೋನಿನಲ್ಲಿ ಏನೋ ನೋಡಿ ಅಪ್ಪನ ಬಳಿ ಓಡಿ ಬಂದಿದ್ದಳು. "ಅಬ್ಬಾ, ಹೊರದೇಶದಾಗ ಪಳಗಿದವ್ರೂ ಇದನ್ನ ಆಡ್ತಾರ. ಒಂದೇ ಪಾಕೆಟ್ಟಿನ ಆಟ ಅಂತ ಹೆಸರೂ ಅದ."

"ಮತ್ತ?" ಎಂದಿದ್ದ ದಸ್ತಗೀರ್, ಪಂಕ್ಚರಿನ ಟ್ಯೂಬನ್ನು ನೀರಿನಲ್ಲಿ ಅದ್ದುತ್ತ. "ನಾ ಸುಳ್ಳ ಕಲಸ್ತೀನೇನು?"

ಸವಾಲು ಹಾಕಿದ ಆ ವಾರ ದಿನವೂ ಶಾಲೆ ಬಿಟ್ಟೊಡನೆ ಶಶಿಕಲಾ ದೇವದುರ್ಗದಿಂದ ಮಾನ್ವಿಯ ಬಸ್ಸು ಹಿಡಿದಳು. ಒಂದು ಚೆಂಡು ಸುಲಭವಾಗಿ ಕಂಡು ಅವಳು ಬಾಗಿದರೆ ಮಿನಾಜ್ ಕೋಲು ಅಡ್ಡ ಹಿಡಿಯುತ್ತಿದ್ದಳು.

"ಏನ್ ಬೇ ಟೀಚರಮ್ಮಾ, ಆಸಿಬುರುಕಿ ಆಗೀದಿ? ಹಾಕೂದು ಎಲ್ಲಾರಿಗೂ ಬರ್ತದ. ಆ ಪ್ರಭುರಾಜಗ ಏನೂ ಸಿಗದಂಗ, ಕೋಲಿಲೆ ಹೊಡಿಯೂ ಬಿಳೇ ಚೆಂಡು ಮುಚ್ಚಿಡು. ಕುಣಿ ಒಂದೇ ಇದ್ದಾಗ ಹೆಂಗ ಆಡ್ತಿದ್ದಿ?"

"ನಿನ್ನ ಅಳಸಿ ಆಡ್ತಿದ್ದೆ."

"ಹಂಗ ಆಡು."

ಐತಾರ ಕ್ಲಬ್ಬು ಕಿಕ್ಕಿರಿದಿತ್ತು. ತನ್ನ ಪಾಲಿನ ಚೆಂಡುಗಳನ್ನೆಲ್ಲ ಹಾಕಿ, ಕೊನೆಗೆ ಕಪ್ಪನ್ನು ಹಾಕಿದವರು ಗೆದ್ದಂತೆ. ಪ್ರಭುರಾಜ ಮೊದಲ ಹೊಡೆತದಲ್ಲೇ ಒಂದು ಹಾಕಿದ, ಬೆನ್ನಿಗೆ ಇನ್ನೆರಡು. ಚಪ್ಪಾಳೆಯೋ ಚಪ್ಪಾಳೆ. ನಾಲ್ಕನೆಯದು ತಪ್ಪಿತು. ಶಶಿಕಲಾ ಏನನ್ನೂ ಹಾಕಲಿಲ್ಲ. ತನ್ನ ಚೆಂಡೊಂದನ್ನು ಸವರಿ, ಬಿಳಿಯದನ್ನು ಎರಡು ಚೆಂಡುಗಳ ಮರೆಗೆ ಒಯ್ದು ನಿಲ್ಲಿಸಿದಳು.

"ಹೊಡಿಯಾಕ ಅಂಜಾಕತ್ತಾಳ," ಎಂದು ಯಾರೋ ನಕ್ಕರು.

ಪ್ರಭುರಾಜ ಮೇಜನ್ನು ಸುತ್ತಿದ, ಬಗ್ಗಿ ನೋಡಿದ. ಅವನ ಒಂದು ಚೆಂಡೂ ನೇರ ಕಾಣಲಿಲ್ಲ. ಸಿಟ್ಟಿನಿಂದ ಹೊಡೆದದ್ದು ಯಾವ ಚೆಂಡನ್ನೂ ಮುಟ್ಟಲಿಲ್ಲ. ಫೌಲ್. ಬಿಳಿಯ ಚೆಂಡು ಅವಳ ಕೈಗೆ ಬಂತು, ಎಲ್ಲಿ ಬೇಕಾದರೂ ಇಟ್ಟು ಹೊಡೆಯಬಹುದು. ಅಲ್ಲಿಂದ ಮುಂದೆ ಕೋಣೆಯಲ್ಲಿ ಅವಳ ಬಾಯಿ, ಚೆಂಡಿನ ಸದ್ದು, ಎರಡೇ. "ಹಳದಿ, ನಡುವಿಂದು." ಬಿತ್ತು. "ಕೆಂಪು, ಆ ಕಡೆ ಮೂಲಿ." ಬಿತ್ತು. ಕರಿಹಲಗೆಯ ಮುಂದೆ ನಿಂತ ಅದೇ ದನಿ. ಕೊನೆಗೆ ಕಪ್ಪು ಚೆಂಡು ಒಂದು ಪಾಕೆಟ್ಟಿಗೆ ನೆಟ್ಟಗೆ ನಿಂತಿತ್ತು, ಮಗುವೂ ಹಾಕಬಹುದಿತ್ತು. ಅವಳು ಆ ಪಾಕೆಟ್ಟು ಬಿಟ್ಟು ಎದುರಿನ ದಂಡೆಯನ್ನು ತೋರಿಸಿದಳು.

"ಕಪ್ಪು. ಅಲ್ಲಿ ಬಡದು, ತಿರುಗಿ ನನ್ನ ಎಡಗಡೆ ಮೂಲಿಗೆ."

ಹಾಗೆಯೇ ಬಂದು ಬಿತ್ತು. ಬಾಗಿಲ ಹತ್ತಿರ ಮಿನಾಜ್ ಸಿಳ್ಳೆ ಹಾಕಿದಳು.

ನಾಗೇಶ ಅಕ್ಕನ ಮಗನ ಮುಖ ನೋಡಿದ, ಗಡಿಯಾರ ನೋಡಿದ, ಆಮೇಲೆ ನಗೆ ತಂದುಕೊಂಡ. "ಛಲೋ ಆಡಿದಿ ಬಿಡು. ಹೋದ ವಾರದ್ದು ಅವಂದು, ಇವತ್ತಿಂದು ನಿಂದು. ಇನ್ನೊಂದ್ ಆಡ್ರಿ. ಅದರಾಗ ಗೆದ್ದವ್ರು ಹುಬ್ಬಳ್ಳಿಗೆ."

ಆಗಲೇ ಪ್ರಭುರಾಜ ಚೆಂಡುಗಳನ್ನು ತ್ರಿಕೋನದ ಚೌಕಟ್ಟಿಗೆ ತುಂಬತೊಡಗಿದ್ದ.

"ಇವ ಗೆಲ್ಲೂತನಕ ಆಡ್ಬೇಕೇನ್ರೀ?" ಎಂದಳು ಶಶಿಕಲಾ.

"ಮಾತ್ ಬ್ಯಾಡ. ಮೊದಲ ಹೊಡೆತ ನೀನೇ ತಗೋ. ಬಾ, ನಿಂದ್ರು."

ಒಪ್ಪವಾಗಿ ಜೋಡಿಸಿದ ಚೆಂಡುಗಳನ್ನು ಕಂಡು ಅವಳ ಕೈ ತುರಿಸಿತು. ಇವನನ್ನು ಇವತ್ತು ಸಂಜೆಯವರೆಗೂ ಸೋಲಿಸಬಲ್ಲಳು. ಕೋಲನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದಳು.

"ಆಡಿದ್ರ ಇದನ್ನೂ ಗೆಲ್ತೀನಿ," ಎಂದಳು. "ಆದ್ರ ಆಡೂದಿಲ್ರೀ."