ತೊಂಬತ್ನಾಕು ದಿನದ ಮಾಫಿ

ಶಂಭುಲಿಂಗ ಜೈಲಿನಿಂದ ಮನಿಗೆ ಬಂದು ಎರಡು ತಿಂಗಳಾಗಿರಲಿಲ್ಲ, ಅವನನ್ನ ಮತ್ತ ಒಳಗ ಹಾಕ್ರಿ ಅಂತ ರೋಣದ ಕೋರ್ಟಿಗೆ ಅರ್ಜಿ ಬಿತ್ತು. ಹಾಕಿದಾವ ಸೀರಿ ವ್ಯಾಪಾರಿ ಪ್ರಭುಲಿಂಗಪ್ಪ. ಅವನ ಕೈ ಮುರದಾವ ಶಂಭುಲಿಂಗನ ಅನ್ನೋದು ಸುಳ್ಳಲ್ಲ. ನೇದ ಸೀರೀನ ವ್ಯಾಪಾರಿ ತನ್ನ ಮಾರಿ ಮ್ಯಾಲ ಒಗದ್ರ ಯಾವ ನೇಕಾರ ಸುಮ್ನಿರ್ತಾನ? ಆದ್ರೂ ತಪ್ಪು ತಪ್ಪೇ. ಒಂದು ವರ್ಷ ಶಿಕ್ಷಾ ಆತು. ತೀರ್ಪಿಗಿಂತ ಮೊದಲ ಒಳಗಿದ್ದ ತೊಂಬತ್ನಾಕು ದಿನ ಅದರ ಲೆಕ್ಕದಾಗ ಹಿಡದು, ಉಳಿದದ್ದು ಮುಗಿದ ಮ್ಯಾಲ ಬಿಟ್ಟು ಕಳಿಸಿದ್ರು.

ಹಂಗ ಹಿಡಿಯೂ ಹಂಗಿಲ್ಲ, ಅದು ಜೈಲಿನವರು ಸುಮ್ನ ಕೊಟ್ಟ ಮಾಫಿ ಅಂತ ಪ್ರಭುಲಿಂಗಪ್ಪನ ತಕರಾರು. ಅದಕ್ಕ ಸಾಕ್ಷಿ ಯಾರದು? ಶಂಭುಲಿಂಗನ ಹೆಂಡತಿ ಕಳಕವ್ವಂದ! ಗಜೇಂದ್ರಗಡದ ಅವರ ಓಣ್ಯಾಗ ಯಾರು ಜೈಲು ಬಿಟ್ಟು ಬಂದ್ರೂ ‘ಮಾಫಿ ಆತು’ ಅನ್ನೋದು ರೂಢಿ. ಗಂಡ ಬಂದ ಖುಷಿಗೆ ಆಕಿ ಜೈಲಿನ ಸಾಹೇಬ್ರಿಗೆ ಪತ್ರ ಬರದಿದ್ದಳು: ‘ಮಾಫಿ ಕೊಟ್ರಿ, ನಿಮಗ ಪುಣ್ಯಾ ಬರಲಿ.’ ಜೈಲಿನ ಫೈಲಿನ್ಯಾಗಿದ್ದ ಆ ಪತ್ರ ಈಗ ಎದುರು ವಕೀಲನ ಕೈಯಾಗ. ಅಯ್ಯ ಶಿವನ, ಎಂಥಾ ಎಡವಟ್ಟು!

“ತಿಳೀಲಾರದ ಬರದ್ನಿ ಅಂದುಬಿಡ್ರಿ,” ಶಂಭುಲಿಂಗನ ವಕೀಲರಾದ ಸುಧಾರಾಣಿ ಕೋರ್ಟಿನಾಗ ಕಳಕವ್ವನ ಕಿವ್ಯಾಗ ಹೇಳಿದ್ರು.

“ಯಾಕ್ರಿ? ಏಳನೇ ಕ್ಲಾಸ್ ಪಾಸಾದಾಕಿ ನಾನು!” ಕಳಕವ್ವನ ಮೈ ಉರಿದುಹೋತು. ಸೆರಗು ಸೊಂಟಕ್ಕ ಸಿಗಿಸಿ ಎದ್ದು ಜಡ್ಜ್ ಸಾಹೇಬ್ರ ಮುಂದ ನಿಂತಳು.

“ಸಾಹೇಬ್ರ, ಪತ್ರ ನಂದ. ಮಾಫಿ ಅನ್ನೋದು ನಮ್ಮ ಓಣಿ ಮಾತ್ರಿ. ಖರೇ ಮಾಫಿ ಅಂದ್ರ ಉಣಲಾರದ ಬಿಟ್ಟ ಶಿಕ್ಷಾ. ಆ ತೊಂಬತ್ನಾಕು ದಿನ ನಮ್ಮನಿಯವ್ರು ಎಲ್ಲಿದ್ರು? ಪ್ರಭುಲಿಂಗಪ್ಪನ ಮನ್ಯಾಗ ಹೋಳಿಗಿ ಉಣಕೋಂತ ಕುಂತಿದ್ರೇನು? ವಾರಕ್ಕೊಮ್ಮೆ ರೊಟ್ಟಿ ಕಟಗೊಂಡು ನಾ ಯಾರನ್ನ ನೋಡಾಕ ಹೋದ್ನಿ? ಭೇಟಿ ಪುಸ್ತಕದಾಗ ನನ್ನ ಸಹಿ ಐತಿ. ತರಸ್ರಿ!”

ಪ್ರಭುಲಿಂಗಪ್ಪನ ಮಾರಿ ಹುಳ್ಳಗಾತು.

ಮುಂದಿನ ತಾರೀಖಿಗೆ ಪುಸ್ತಕ ಬಂತು. ಹದಿಮೂರು ಸಹಿ, ಹದಿಮೂರೂ ಕಳಕವ್ವಂದ. ಜಡ್ಜ್ ಸಾಹೇಬರು ಗಟ್ಟಿಯಾಗಿ ಓದಿದರು: “ಆರೋಪಿ ಬಂಧನವಾದ ಶುಕ್ರವಾರದಿಂದ ತೊಂಬತ್ನಾಲ್ಕು ದಿನ ಒಳಗಿದ್ದದ್ದು ನಿಜ. ಇದು ಮಾಫಿ ಅಲ್ಲ, ಅನುಭವಿಸಿದ ಶಿಕ್ಷೆ. ಅರ್ಜಿ ವಜಾ.”

ಶಂಭುಲಿಂಗ ಕಣ್ಣೊರಸಿಕೊಂಡು ಎದ್ದ. “ಗೆದ್ವಿ, ನಡಿ ಇನ್ನ.”

ಕಳಕವ್ವ ಕದಲಲಿಲ್ಲ. “ಸಾಹೇಬ್ರ, ಶುಕ್ರವಾರ ಅಂದ್ರೇನು? ಪೊಲೀಸ್ರು ಇವರನ್ನ ಮಗ್ಗದಿಂದ ಎಬ್ಬಿಸಿ ಒಯ್ದದ್ದು ಮಂಗಳವಾರ್ರಿ. ಇಡೀ ಓಣಿ ನೋಡೇತಿ.”

ಆಕಿ ಮೂರು ಬೆರಳು ಎತ್ತಿ ತೋರಿಸಿದಳು.

“ಮೂರು ದಿನ ಯಾವ ಕಾಗದದಾಗೂ ಇಲ್ಲ. ಮೂರು ದಿನ ಹೆಚ್ಚಿಗಿ ಒಳಗಿದ್ದಾರ ನನ್ನ ಗಂಡ. ಆ ದಿನಗಳನ್ನ ಯಾರು ತಿರುಗಿ ಕೊಡ್ತೀರಿ?”

ಸಾಹೇಬರು ಕನ್ನಡಕ ತೆಗೆದು ಆಕಿಯನ್ನ ನೋಡಿದರು. “ಬೇರೆ ಅರ್ಜಿ ಕೊಡಬೇಕಾಗ್ತದಮ್ಮಾ.”

“ಕೊಡ್ತೀನ್ರಿ,” ಅಂದ ಕಳಕವ್ವ ಸುಧಾರಾಣಿಯವರ ಪೆನ್ನು ಇಸಗೊಂಡು ಅಲ್ಲೇ ಬಾಕಿನ ಮ್ಯಾಲ ಬರಿಯಾಕ ಕುಂತಳು.