ಬಾಸ್ಯಾಳ ಮಗನ ಹೆಸರು

ಲಂಡನ್ನಿನ ನಮ್ಮ ಬೀದಿಯಲ್ಲಿ ರಷ್ಯಾದಲ್ಲಿ ನೆಂಟರಿಲ್ಲದ ಯಹೂದಿ ಮನೆ ಕಡಿಮೆ. ಆದರೆ ಅವರ ಮಾತೆತ್ತಿದರೆ ಸಾಕು, ಹಿರಿಯರು ಎದ್ದು ಕಿಟಕಿ ಮುಚ್ಚುತ್ತಾರೆ. ನನ್ನ ಅತ್ತೆ, ಗಂಡನ ತಾಯಿ ಫ್ರೂಮಾ ಅಂತೂ ರೇಡಿಯೋ ಜೋರು ಮಾಡುತ್ತಿದ್ದರು.

ಆ ಶುಕ್ರವಾರ ಅತ್ತೆ ಮೀನು ಹುರಿಯುತ್ತಿದ್ದಾಗ ಪಕ್ಕದ ಮನೆಯ ಎಸ್ಟೆಲ್ ಬಂದಳು. ಹೆಂಗಸರನ್ನು ಕೂಡಿಸಿಕೊಂಡು, ಕಪ್ಪು ಬಟ್ಟೆ ತೊಟ್ಟು, ಸೋವಿಯತ್ ರಾಯಭಾರ ಕಚೇರಿಯ ಎದುರು ನಿಲ್ಲುವವಳು ಇವಳೇ.

"ಫ್ರೂಮಾ ಆಂಟಿ, ರಾಯಾ ಫೋನಲ್ಲಿ ಸಿಕ್ಕಿದ್ಲು. ಗೆರ್ಶೋನ್ ಜೈಲಲ್ಲಿ ರಕ್ತ ಕಾರ್ಕೊಳ್ತಿದಾನಂತೆ. ಡಾಕ್ಟರನ್ನೂ ಕಳಿಸ್ತಿಲ್ಲ. ಭಾನುವಾರ ಅವನ ಹೆಸರು ಕೂಗೋಣ, ಬನ್ನಿ."

ಗೆರ್ಶೋನ್ ಅತ್ತೆಯ ತೀರಿಹೋದ ತಂಗಿ ಬಾಸ್ಯಾಳ ಮಗ, ಲೆನಿನ್‌ಗ್ರಾಡಿನವನು. ರಾಯಾ ಅವನ ಹೆಂಡತಿ. ಇಸ್ರೇಲಿಗೆ ಹೋಗಲು ಅನುಮತಿ ಕೇಳಿದ್ದಕ್ಕೆ ಅವನ ಕೆಲಸ ಹೋಯಿತು, ಮಕ್ಕಳಿಗೆ ಹೀಬ್ರೂ ಕಲಿಸಿದ್ದಕ್ಕೆ ಜೈಲಾಯಿತು. ಅಲ್ಲಿ ಅತ್ತೆಗೆ ಉಳಿದ ರಕ್ತಸಂಬಂಧ ಅವನೊಬ್ಬನೇ.

ಅತ್ತೆ ದೃಷ್ಟಿ ತೆಗೆಯುವಂತೆ ಮೂರು ಸಲ ಥೂ ಎಂದರು. "ಬೀದೀಲಿ ಕೂಗಿದ್ರೆ ಅವರ ಕೆಟ್ಟ ಕಣ್ಣು ಇನ್ನೂ ಬೀಳುತ್ತೆ ಕಣೇ! ಇಲ್ಲಿ ಹುಟ್ಟಿದೋಳು ನೀನು. ನಿನಗೆ ಪೊಲೀಸ್ ಅಂದ್ರೆ ದಾರಿ ತೋರ್ಸೋನು. ರಷ್ಯಾದಲ್ಲಿ ಪೊಲೀಸರು ನಮ್ಮಪ್ಪನ್ನ ಎಳ್ಕೊಂಡ್ ಹೋದಾಗ ಬಾಯಿ ಮುಚ್ಕೊಂಡಿದ್ವಿ. ಅದಕ್ಕೇ ಉಳಿದ್ವಿ."

"ನೀವು ಉಳಿದ್ರಿ. ಅಪ್ಪ?"

ಅತ್ತೆ ಹೋಗಿ ರೇಡಿಯೋ ಜೋರು ಮಾಡಿದರು. ಮೀನು ಸೀದುಹೋಯಿತು. ನನಗೂ ಭಯವಾಯಿತು. ಅತ್ತೆಯ ಮಾತೇ ನಿಜವಾಗಿ, ನಮ್ಮಿಂದಲೇ ಅವನ ಜೀವಕ್ಕೆ ಕುತ್ತು ಬಂದರೆ?

ಮರುದಿನ ಶನಿವಾರ, ನಮ್ಮ ಪ್ರಾರ್ಥನೆಯ ದಿನ ಸಬ್ಬತ್. ಪ್ರಾರ್ಥನಾ ಮಂದಿರದ ಮಹಡಿಯಲ್ಲಿ ಹೆಂಗಸರು ಕೂತಿದ್ದೆವು. ಕಾಯಿಲೆಯವರಿಗಾಗಿ ಬೇಡುವಾಗ ಅವರ ಹೆಸರಿಗೆ ತಾಯಿಯ ಹೆಸರು ಸೇರಿಸಿ ಹೇಳುವುದು ನಮ್ಮ ಪದ್ಧತಿ. ಎಲ್ಲರೂ ಪಿಸುಗುಟ್ಟಿದರು. ಅತ್ತೆಗೆ ಕಿವಿ ಮಂದ, ಕೆಳಗಿನ ಗಂಡಸರೆಲ್ಲ ತಲೆಯೆತ್ತುವ ಹಾಗೆ ಹೇಳಿದರು: "ಬಾಸ್ಯಾಳ ಮಗ ಗೆರ್ಶೋನ್!"

ಎಸ್ಟೆಲ್ ಬಗ್ಗಿ ಕೇಳಿದಳು, "ಆಂಟಿ, ಇಲ್ಲಿ ಕೆಟ್ಟ ಕಣ್ಣು ಬೀಳಲ್ವಾ?"

"ಹುಚ್ಚಿ, ಇದು ದೇವರ ಮುಂದೆ."

"ದೇವರಿಗೆ ಅವನ ಹೆಸರು ಗೊತ್ತು ಆಂಟಿ. ನಮಗೂ ಗೊತ್ತು ಅಂತ ಜೈಲಿನವರಿಗೆ ಗೊತ್ತಾಗ್ಬೇಕು. ಕೇಳೋರು ಯಾರೂ ಇಲ್ಲ ಅನ್ಕೊಂಡ್ರೆ ಅವರು ಏನ್ ಬೇಕಾದ್ರೂ ಮಾಡ್ತಾರೆ."

ಭಾನುವಾರ ಅತ್ತೆ ಕಪ್ಪು ಕೋಟು ತೊಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ರಾಯಭಾರ ಕಚೇರಿಯ ಮೇಲಿನ ಕಿಟಕಿಯಿಂದ ಒಬ್ಬ ನಮ್ಮತ್ತ ಕ್ಯಾಮೆರಾ ಹಿಡಿದ. ಅತ್ತೆ ನನ್ನ ತೋಳು ಹಿಡಿದೆಳೆದರು. "ನಮ್ಮ ಮುಖ ಹಿಡ್ಕೊಂಡ್ರು ಕಣೇ, ನಡಿ ಹೋಗೋಣ," ಎಂದು ತಿರುಗಿದರು. ಮತ್ತೆ ಏನನ್ನಿಸಿತೋ, ನಿಂತು ಕೂಗಿದರು: "ಬಾಸ್ಯಾಳ ಮಗ ಗೆರ್ಶೋನ್! ಅವನಿಗೆ ಡಾಕ್ಟರನ್ನ ಕಳಿಸಿ!" ಪತ್ರಿಕೆಯವರು ಬರೆದುಕೊಂಡರು.

ಆಮೇಲಿನ ದಿನಗಳು ನರಕ. ರಾಯಾಳ ಫೋನ್ ಹತ್ತಲೇ ಇಲ್ಲ. "ನಾನೇ ಕೊಂದೆ," ಎಂದು ಅತ್ತೆ ಅನ್ನ ನೀರು ಬಿಟ್ಟರು. ಕೊನೆಗೊಂದು ಬೆಳಿಗ್ಗೆ ರಾಯಾಳೇ ಫೋನ್ ಮಾಡಿದಳು. ರಿಸೀವರನ್ನು ನನ್ನ ಮತ್ತು ಅತ್ತೆಯ ಕಿವಿಗಳ ನಡುವೆ ಹಿಡಿದೆ.

"ಆಸ್ಪತ್ರೆಗೆ ಸೇರಿಸಿದಾರೆ. ಬದುಕಿದಾನೆ, ನಾನೇ ನೋಡ್ದೆ. ಜೈಲಿನ ಅಧಿಕಾರಿ ಕೆಂಡಾಮಂಡಲ. ಲಂಡನ್ನಲ್ಲಿ ಕಿರುಚೋ ಆ ಮುದುಕಿ ಯಾರು ಅಂತ ಕೇಳ್ದ."

"ನೀನೇನಂದೆ?" ಎಂದರು ಅತ್ತೆ.

"ಅವನ ದೊಡ್ಡಮ್ಮ ಅಂದೆ."

ಅಷ್ಟಕ್ಕೇ ಲೈನ್ ಕಡಿಯಿತು. ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಈಗ ಪ್ರತಿ ಭಾನುವಾರ ನನ್ನ ಗಂಡನನ್ನೂ ಬೈದು ಎಬ್ಬಿಸಿ ಹೊರಡಿಸುತ್ತಾರೆ.

ಅಕ್ಕಂದಿರೇ, ಅಮ್ಮಂದಿರೇ, ಭಯ ನಮಗೂ ಇದೆ. ಅದು ಹೋಗಲಿ ಎಂದು ಕಾಯಬೇಡಿ, ಅದರ ಜೊತೆಗೇ ಬನ್ನಿ. ಸೆರೆಯಲ್ಲಿರುವ ಒಬ್ಬರ ಹೆಸರು ನಮ್ಮಿಂದ ಕೇಳಿ ತಿಳಿಯಿರಿ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿ. ಗೆರ್ಶೋನ್ ಇನ್ನೂ ಬಿಡುಗಡೆಯಾಗಿಲ್ಲ. ಅವನಿಗೆ ದೊಡ್ಡಮ್ಮ ಒಬ್ಬರೇ ಸಾಲರು.