ನಿಂಬೆಹಣ್ಣು, ಸೌತೆಕಾಯಿ ಮತ್ತು ಅಳಿಯ

ಐದು ವರ್ಷದ ದರಪಟ್ಟಿಗಳನ್ನು ಅರೆದು ಕುಡಿದಿದ್ದ ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಅವತ್ತು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ರಜಕ್ಕೆಂದು ಬಂದವರು ಬಸ್ಸಿಳಿದು ನೇರ ಸೋದರತ್ತೆಯ ತರಕಾರಿ ಅಂಗಡಿಗೆ ನುಗ್ಗಿ, ತಕ್ಕಡಿಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದರು.

"ನೋಡತ್ತೆ, ನಿಂಬೆಹಣ್ಣಿನ ದರ ಏರಿದಾಗಲೆಲ್ಲ ಸೌತೆಕಾಯಿ ದರಾನೂ ಏರಿದೆ. ನಿಂಬೆನೇ ಸೌತೇನ ಮೇಲಕ್ಕೆ ಎಳೀತಿದೆ!"

ಸೌತೆಕಾಯಿಗೆ ನೀರು ಚಿಮುಕಿಸುತ್ತಲೇ ಅತ್ತೆ ಪರದೆಯ ಮೇಲೆ ಏರಿಳಿಯುತ್ತಿದ್ದ ಎರಡು ದರಗಳ ಗೆರೆಗಳನ್ನು ನೋಡಿದಳು. "ಅಯ್ಯೋ ಮಹರಾಯ, ಎರಡೂ ಏರಿರೋದು ಬೇಸಿಗೇಲಿ. ಬಿಸಿಲಿಗೆ ಬಾಯಾರಿ ಜನ ಎರಡನ್ನೂ ಕೊಳ್ತಾರೆ. ಅದಕ್ಕೂ ಇದಕ್ಕೂ ಎಲ್ಲಿಯ ನಂಟು?"

ಮೇಷ್ಟ್ರು ಬೇಸಿಗೆಯ ಪಾಲನ್ನು ಲೆಕ್ಕದಿಂದ ಕಳೆದು ನೋಡಿದರು. ಎರಡು ಗೆರೆಗಳೂ ಗುರುತೇ ಇಲ್ಲದವರ ಹಾಗೆ ತಮ್ಮ ಪಾಡಿಗೆ ತಾವು ಹೊರಟವು. ಅವರ ಮುಖ ಹುಳ್ಳಗಾಯಿತು.

ಅತ್ತೆ ನಗುತ್ತಾ ಎಳೆ ಸೌತೆಕಾಯೊಂದನ್ನು ಕೈಗಿತ್ತಳು. "ನಿನ್ನ ಲೆಕ್ಕದ ಪ್ರಕಾರ ನನ್ನಂಗಡಿ ದರ ಏರಿಸೋನು ನೀನೇ ಕಣೋ. ಐದು ವರ್ಷದಿಂದ ನೀನು ಬಂದಾಗಲೆಲ್ಲ ಏರಿರುತ್ತೆ."

ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿ ಸೌತೆಕಾಯಿ ಕಚ್ಚಿದರು.

"ಒಂದ್ಸಲ ಮಳೆಗಾಲದಲ್ಲೂ ಬಾ," ಎಂದಳು ಅತ್ತೆ. "ದರ ಇಳಿದಾಗ್ಲೂ ನೀನು ನನ್ನ ಅಳಿಯನೇ ಅಂತ ನನಗೂ ಖಾತ್ರಿಯಾಗ್ಲಿ."